ಒಬ್ಬರೇ ಮುಗಿಸೋಕಾಗದ ಪೋಕೆಮಾನ್

1996ರ ಫೆಬ್ರವರಿ 27. ಜಪಾನಿನ ಅಂಗಡಿಗಳಿಗೆ ಪೋಕೆಮಾನ್ ರೆಡ್, ಗ್ರೀನ್ ಅಂತ ಎರಡು ಗೇಮ್ ಬಂದವು. ಅವು ಓಡ್ತಿದ್ದ ಗೇಮ್ ಬಾಯ್ ಆಗಲೇ ಏಳು ವರ್ಷ ಹಳೇದು. ಗೇಮ್ ತಯಾರಾಗೋಕೂ ಸುಮಾರು ಆರು ವರ್ಷ ಹಿಡಿದಿತ್ತು.

ಇದರ ಹಿಂದಿದ್ದ ಸತೋಶಿ ತಾಜಿರಿ, ಟೋಕಿಯೊ ಹೊರವಲಯದ ಮಾಚಿದಾದಲ್ಲಿ ಹುಳ ಹಿಡಿದು ಕೂಡಿಡ್ತಾ ಬೆಳೆದವರು. ಗದ್ದೆ, ಕೊಳ ಹೋಗಿ ಕಟ್ಟಡ ಎದ್ದವು. ಮುಂದೆ ಎರಡು ಗೇಮ್ ಬಾಯ್ ಜೋಡಿಸೋ ಕೇಬಲ್ ನೋಡಿದಾಗ, ಅದರ ಮೇಲೆ ಹುಳ ಹರಿದಾಡೋದು ಅವರ ಕಲ್ಪನೆಗೆ ಬಂತಂತೆ.

ಎಂಟು ಬ್ಯಾಡ್ಜ್ ಗೆದ್ದು ಚಾಂಪಿಯನ್‌ನ ಸೋಲಿಸೋದು ಒಬ್ಬರಿಂದಲೇ ಆಗುತ್ತೆ. ಆದ್ರೆ ಪೋಕೆಡೆಕ್ಸ್ ತುಂಬಲ್ಲ! ರೆಡ್‌ನಲ್ಲಿ ಸಿಗೋ ಕೆಲವು ಗ್ರೀನ್‌ನಲ್ಲಿ ಸಿಗಲ್ಲ. ಹಾಂಟರ್ ಗೆಂಗರ್ ಆಗ್ಬೇಕಾದ್ರೆ ಕೇಬಲ್ ಹಾಕಿ ಇನ್ನೊಬ್ಬರಿಗೆ ಕೊಡಲೇಬೇಕು. ವಾಪಸ್ ಕೊಡ್ತಾರಾ? ನನ್ನ ಕೇಳಿದ್ರೆ, ಚಾಂಪಿಯನ್‌ಗಿಂತ ಕಷ್ಟದ ಹಂತ ಅದೇ.