ತುಪ್ಪುಳಕ್ಕಾಗಿ ಕಾದವರು

ನಮ್ಮ ಕಥೆ, ಕಾವ್ಯಗಳ ಅರಸರು ಮಲಗುತ್ತಿದ್ದುದು ಹಂಸತೂಲಿಕಾತಲ್ಪದ ಮೇಲೆ. ಆ ಹಾಸಿಗೆಗೆ ಮೈಯ ತುಪ್ಪುಳ ಕೊಟ್ಟ ಹಕ್ಕಿ ಆಮೇಲೆ ಏನಾಯಿತು ಎಂದು ಕಥೆ ಹೇಳುವವರೂ ಕೇಳುವವರೂ ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ಬೂರುಗದ ಹತ್ತಿಯ ದಿಂಬಿಗೆ ತಲೆಯಿಟ್ಟು ಬೆಳೆದ ನಾಡಿಗೆ ಆ ಚಿಂತೆ ಬೇಕಾಗಿಯೂ ಇರಲಿಲ್ಲ. ಆದರೆ ಉತ್ತರ ಅಟ್ಲಾಂಟಿಕ್ ದಂಡೆಯ ಕೆಲವು ದ್ವೀಪಗಳಲ್ಲಿ ಇದು ಪ್ರತಿ ವಸಂತದಲ್ಲೂ ಎದುರಾಗುತ್ತಿದ್ದ ಹೊಟ್ಟೆಪಾಡಿನ ಪ್ರಶ್ನೆ. ಅಲ್ಲಿನ ಐಡರ್ ಬಾತಿನ ಶಾಸ್ತ್ರೀಯ ಹೆಸರು ಸೊಮಟೇರಿಯ ಮೊಲಿಸ್ಸಿಮ, ಅಂದರೆ ಅತಿ ಮೃದುವಾದ ಉಣ್ಣೆಯ ಮೈಯುಳ್ಳದ್ದು. ಮೊಟ್ಟೆಯಿಡುವ ಹೊತ್ತಿಗೆ ಹೆಣ್ಣು ತನ್ನ ಎದೆಯ ತುಪ್ಪುಳವನ್ನು ಉದುರಿಸಿ ಗೂಡಿಗೆ ಹಾಸುತ್ತದೆ. ನಾಲ್ಕರಿಂದ ಆರು ಮೊಟ್ಟೆ, ಸುಮಾರು 25 ದಿನದ ಕಾವು. ಅಷ್ಟು ದಿನವೂ ಅದು ಹೆಚ್ಚುಕಡಿಮೆ ಉಪವಾಸ; ಮರಿ ಹೊರಬರುವಷ್ಟರಲ್ಲಿ ಮೈತೂಕದ ಮೂರನೇ ಒಂದು ಭಾಗ ಕರಗಿರುತ್ತದೆ. ಗಂಡು ಈ ಕೆಲಸಕ್ಕೆ ನಿಲ್ಲುವುದಿಲ್ಲ, ಸಮುದ್ರಕ್ಕೆ ಹೊರಟುಬಿಡುತ್ತದೆ. ಒಳ್ಳೆಯ ತುಪ್ಪುಳ ಸಿಗುವುದು ಈ ಗೂಡಿನಲ್ಲೇ. ಬಾತನ್ನು ಕೊಂದರೆ ಅದು ಒಂದು ಸಲ ಸಿಗುತ್ತದೆ, ಕಾದರೆ ವರ್ಷವರ್ಷವೂ. ಈ ಕಸುಬಿನ ಚರಿತ್ರೆ ನಿಂತಿರುವುದು ಈ ಲೆಕ್ಕದ ಮೇಲೆ. ಆದರೆ ಲೆಕ್ಕವೊಂದೇ ಬಾತನ್ನು ಉಳಿಸಲಿಲ್ಲ, ಗೂಡಿನ ಪಕ್ಕದಲ್ಲೇ ಬದುಕಿದ ಜನ ಉಳಿಸಿದರು ಎಂಬುದು ನನ್ನ ವಾದ.

ನಾರ್ವೆಯ ವೇಗಾ ದ್ವೀಪಸಮೂಹವನ್ನು ನೋಡಿ. ಆರ್ಕ್ಟಿಕ್ ವೃತ್ತಕ್ಕೆ ತುಸು ದಕ್ಷಿಣಕ್ಕೆ, ಸುಮಾರು 6,500 ದ್ವೀಪ, ನಡುಗಡ್ಡೆ, ಬಂಡೆಗಳ ಚೆಲ್ಲಾಪಿಲ್ಲಿ. ಕೃಷಿಗೆ ಹೇಳಿಕೊಳ್ಳುವಷ್ಟು ನೆಲವಿಲ್ಲ. ಮೀನು, ಒಂದಿಷ್ಟು ಕುರಿ, ಜೊತೆಗೆ ಈ ಬಾತು. ಚಳಿಗಾಲದ ಕೊನೆಗೆ ಗಂಡಸರು ಮೀನುಗಾರಿಕೆಗೆ ದೂರ ಹೋದರೆ, ಮನೆಯಲ್ಲುಳಿದ ಹೆಂಗಸರು ಬಾತುಗಳಿಗೆ ಮನೆ ಸಿದ್ಧಮಾಡುತ್ತಿದ್ದರು. ಕಲ್ಲು ಹಲಗೆಗಳ ಪುಟ್ಟ ಗೂಡುಮನೆಗಳು, ದಂಡೆಗೆ ಬಿದ್ದ ಕಡಲಕಳೆಯನ್ನು ಬಿಸಿಲು ಗಾಳಿಗೆ ಒಣಗಿಸಿ ಮಾಡಿದ ಹಾಸು. ಎಷ್ಟೋ ಕಡೆ ವಾಸದ ಮನೆಯ ಮೆಟ್ಟಿಲ ಕೆಳಗೇ ಬಾತಿಗೆ ಜಾಗವಿರುತ್ತಿತ್ತು. ಬಾತುಗಳು ದಡ ಹತ್ತಿದ ಮೇಲೆ ಊರಿನ ನಡೆಯೇ ಬದಲಾಗುತ್ತಿತ್ತು. ಸುತ್ತಿಗೆ ಬಡಿಯುವಂತಿಲ್ಲ, ನಾಯಿ ಬಿಡುವಂತಿಲ್ಲ, ಮಕ್ಕಳು ಕಿರುಚುವಂತಿಲ್ಲ. ಗೂಡು ನೋಡಲು ಹೋಗುವವಳು ಬಾತಿಗೆ ಪರಿಚಯವಾದ ಅದೇ ಬಟ್ಟೆಯಲ್ಲಿ, ಅದೇ ನಿಧಾನದಲ್ಲಿ ಹೋಗಬೇಕು. ಕಾಗೆ, ಕಡಲಕ್ಕಿ, ಹದ್ದು, ನೀರುನಾಯಿಗಳನ್ನು ದೂರವಿಡುವ ಕಾವಲು ಬೇರೆ. ಬಸುರಿ ಬಾಣಂತಿ ಇರುವ ಮನೆಯ ಶಿಸ್ತು ಇಡೀ ದ್ವೀಪಕ್ಕೆ.

ಈ ಶಿಸ್ತಿನ ಹಿಂದೆ ಒಂದು ಒರಟು ಕಾರಣವೂ ಇದೆ. ಕಾವಿಗೆ ಕೂತ ಐಡರ್ ಬೆಚ್ಚಿಬಿದ್ದು ಎದ್ದರೆ ಮೊಟ್ಟೆಗಳ ಮೇಲೆ ನಾರುವ ಹಿಕ್ಕೆ ಚಿಮ್ಮಿಸಿ ಹಾರುತ್ತದೆ. ಕಳ್ಳಪ್ರಾಣಿಗೆ ಅಸಹ್ಯವಾಗಲೆಂದು ಪ್ರಕೃತಿ ಕೊಟ್ಟ ಉಪಾಯ ಅದು. ತುಪ್ಪುಳ ಮಾರುವವರಿಗೆ ಮಾತ್ರ ನಷ್ಟ. ಹೀಗಾಗಿ ಬಾತಿನ ನೆಮ್ಮದಿಯೂ ಮನೆಯ ಆದಾಯವೂ ಒಂದೇ ಹಗ್ಗಕ್ಕೆ ಕಟ್ಟಿದ ಎರಡು ಎತ್ತಿನಂತಾದವು. ತುಪ್ಪುಳವನ್ನು ಮರಿಗಳು ಗೂಡು ಬಿಟ್ಟ ಮೇಲೆ ಎತ್ತುವುದು ವಾಡಿಕೆ. ಕಾವಿನ ನಡುವೆ ಸ್ವಲ್ಪ ತೆಗೆದರೆ ಆ ಜಾಗಕ್ಕೆ ಒಣಹುಲ್ಲು ತುಂಬುತ್ತಿದ್ದರು. ಆಮೇಲೆ ಶುದ್ಧಿಯ ಕೆಲಸ. ಕಡಲಕಳೆಯ ಚೂರು ಅಂಟಿಕೊಂಡ ತುಪ್ಪುಳವನ್ನು ತಂತಿ ಬಿಗಿದ ಮರದ ಚೌಕಟ್ಟಿನ ಮೇಲೆ ಹಾಕಿ ಮೀಟಿದರೆ ಕಸ ಉದುರುತ್ತದೆ. ಬಿಲ್ಲಿನಿಂದ ಅರಳೆ ಹಿಂಜುವ ನಮ್ಮ ಪಿಂಜಾರರು ಈ ಸಾಧನವನ್ನು ನೋಡಿದ್ದರೆ ಕೂಡಲೇ ಗುರುತಿಸುತ್ತಿದ್ದರು. ಇಷ್ಟೆಲ್ಲ ಮಾಡಿದರೂ ಒಂದು ಕಿಲೋ ಶುದ್ಧ ತುಪ್ಪುಳಕ್ಕೆ ಸುಮಾರು 60 ಗೂಡು ಬೇಕು.

ಈ ರಕ್ಷಣೆಯ ಮೂಲ ಧರ್ಮದಲ್ಲಿದೆ ಎನ್ನುವವರು ಇಂಗ್ಲೆಂಡಿನ ಸಂತ ಕತ್‌ಬರ್ಟನನ್ನು ತೋರಿಸುತ್ತಾರೆ. ಅವನು 676ರ ಸುಮಾರಿಗೆ ಫಾರ್ನ್ ದ್ವೀಪಕ್ಕೆ ಹೋಗಿ ಒಂಟಿಯಾಗಿದ್ದು, 687ರಲ್ಲಿ ಅಲ್ಲೇ ತೀರಿಕೊಂಡ. ಐಡರ್‌ಗಳಿಗೆ ಅಭಯ ಕೊಟ್ಟವನು ಅವನೇ ಎಂಬ ನಂಬಿಕೆಯಿಂದ ಆ ಸೀಮೆಯಲ್ಲಿ ಈ ಬಾತಿಗೆ ಇಂದಿಗೂ ಅವನದೇ ಮುದ್ದು ಹೆಸರು, ‘ಕಡ್ಡಿ’ಯ ಬಾತು. ಕಥೆ ಚೆಂದ, ಆದರೆ ಪುರಾವೆ ಸೊರಗಿದೆ. ಕತ್‌ಬರ್ಟ್ ಸತ್ತು ಕೆಲವೇ ದಶಕಗಳಲ್ಲಿ ಅವನ ಚರಿತ್ರೆ ಬರೆದ ಬೀಡ್, ಕಾಗೆಜಾತಿಯ ಹಕ್ಕಿಗಳನ್ನೂ ನೀರುನಾಯಿಗಳನ್ನೂ ಹೇಳುತ್ತಾನೆ, ಈ ಬಾತುಗಳನ್ನಲ್ಲ. ಅವು ಕಾಣಿಸಿಕೊಳ್ಳುವುದು 12ನೇ ಶತಮಾನದ ಬರಹಗಳಲ್ಲಿ. ಡರ್ಹಮ್‌ನ ರೆಜಿನಾಲ್ಡ್ ಎಂಬ ಸನ್ಯಾಸಿ ಸಂತನ ಬಾತುಗಳ ಪವಾಡಗಳನ್ನು ಬರೆದ. ಅದೇ ಶತಮಾನದಲ್ಲಿ ಫಾರ್ನ್‌ನಲ್ಲಿದ್ದ ಬಾರ್ತಲೋಮಿಯೊ ಎಂಬ ತಪಸ್ವಿಯ ಕಥೆ ಇನ್ನೂ ಹತ್ತಿರದ್ದು: ಮರಿ ಬಂಡೆಯ ಬಿರುಕಿಗೆ ಬಿದ್ದಾಗ ತಾಯಿಬಾತು ಬಂದು ಅವನ ನಿಲುವಂಗಿಯ ಅಂಚು ಜಗ್ಗಿತಂತೆ, ಅವನು ಹೋಗಿ ಮರಿಯನ್ನೆತ್ತಿ ಕೊಟ್ಟನಂತೆ. ಪವಾಡದ ಬಣ್ಣ ತೆಗೆದರೂ ಇದರಲ್ಲಿ ಒಂದು ಸಾಕ್ಷ್ಯ ಉಳಿಯುತ್ತದೆ. ಅಲ್ಲಿ ನೆಲೆಸಿದ ಮನುಷ್ಯನೊಬ್ಬನಿಗೆ ಬಾತು ಬೆದರುತ್ತಿರಲಿಲ್ಲ. ಮೊದಲು ಬಳಕೆ, ಆಮೇಲೆ ಸಂತನ ಮುದ್ರೆ ಎಂದು ನಾನು ಓದಿಕೊಳ್ಳುತ್ತೇನೆ. ಗರಿಯ ವ್ಯಾಪಾರವಂತೂ ಈ ಪವಾಡದ ಬರಹಗಳಿಗಿಂತ ಹಳೆಯದು. 9ನೇ ಶತಮಾನದ ಕೊನೆಯಲ್ಲಿ ನಾರ್ವೆಯ ಒಟ್ಟಾರ್ ಎಂಬ ನಾವಿಕ ಇಂಗ್ಲೆಂಡಿನ ದೊರೆ ಆಲ್‌ಫ್ರೆಡ್‌ನ ಮುಂದೆ, ಉತ್ತರದ ಮೂಲನಿವಾಸಿಗಳಾದ ಸಾಮಿ ಜನ ತನಗೆ ಕಪ್ಪವಾಗಿ ಹಕ್ಕಿಗರಿ ಕೊಡುತ್ತಾರೆಂದು ಹೇಳಿದ್ದು ದಾಖಲೆಯಲ್ಲಿದೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಇದೆಲ್ಲ ಬರೀ ಲಾಭ, ಇದಕ್ಕೆ ಆರೈಕೆ ಎಂಬ ದೊಡ್ಡ ಹೆಸರೇಕೆ? ಲಾಭವೇ ಸಾಕಾಗಿದ್ದರೆ ಅದೇ ಬಾತು, ಅದೇ ತುಪ್ಪುಳ ಇದ್ದ ಬೇರೆ ದಂಡೆಗಳಲ್ಲೂ ಇದೇ ಪದ್ಧತಿ ಹುಟ್ಟಬೇಕಿತ್ತು. ಹುಟ್ಟಲಿಲ್ಲ. 1833ರಲ್ಲಿ ಕೆನಡಾದ ಲ್ಯಾಬ್ರಡಾರ್‌ಗೆ ಹೋದ ಪಕ್ಷಿಚಿತ್ರಕಾರ ಆಡುಬಾನ್ ಕಂಡದ್ದು ಮೊಟ್ಟೆಗಳ್ಳರ ದೋಣಿಗಳನ್ನು. ಒಂದು ದ್ವೀಪಕ್ಕೆ ಇಳಿದು ಇದ್ದಬದ್ದ ಮೊಟ್ಟೆಗಳನ್ನೆಲ್ಲ ತುಳಿದುಹಾಕುವುದು, ಹಕ್ಕಿಗಳು ಹೊಸದಾಗಿ ಇಟ್ಟಾಗ ಮರಳಿ ಬಂದು ತಾಜಾ ಮೊಟ್ಟೆ ತುಂಬಿಕೊಳ್ಳುವುದು, ಇದು ಅವರ ವಿಧಾನ. 20ನೇ ಶತಮಾನ ಹುಟ್ಟುವ ಹೊತ್ತಿಗೆ ಅಮೆರಿಕದ ಮೇನ್ ಕರಾವಳಿಯಲ್ಲಿ ಐಡರ್ ಬಹುತೇಕ ಅಳಿದಿತ್ತು. 1916ರ ವಲಸೆ ಹಕ್ಕಿಗಳ ಒಪ್ಪಂದದಲ್ಲಿ ಅದಕ್ಕೆ ಪ್ರತ್ಯೇಕ ರಕ್ಷಣೆ ಬರೆಯಬೇಕಾಯಿತು. ನಾರ್ವೆಯವರೇ ದೂರದ ಉತ್ತರದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಬೇರೆ ಮನುಷ್ಯರಾದರು. ಅಲ್ಲಿ ಗೂಡಿನ ಪಕ್ಕ ನೆಲೆಸಿದ ಒಕ್ಕಲುಗಳಿರಲಿಲ್ಲ, ಬಂದುಹೋಗುವ ಬೇಟೆಗಾರರಷ್ಟೇ. ತುಪ್ಪುಳ, ಮೊಟ್ಟೆ ಎರಡನ್ನೂ ಬಾಚಿದರು. ಜನ ಒಂದೇ, ಬಾತು ಒಂದೇ, ಮಾರುಕಟ್ಟೆಯೂ ಒಂದೇ. ವ್ಯತ್ಯಾಸ ಒಂದೇ: ಮುಂದಿನ ವಸಂತದಲ್ಲಿ ಅದೇ ಗೂಡಿನ ಮುಂದೆ ನಿಲ್ಲಬೇಕಾದವರು ಯಾರೂ ಅಲ್ಲಿರಲಿಲ್ಲ.

ತಾಯಿ ಸತ್ತ ಅಥವಾ ಗಾಯಗೊಂಡು ಗೂಡು ಬಿಟ್ಟ ಸಂದರ್ಭಗಳಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ಐಡರ್ ಪರಕೀಯ ಮೊಟ್ಟೆಯನ್ನು ಸಹಿಸಿಕೊಳ್ಳುವ ಹಕ್ಕಿ. ಒಂದರ ಗೂಡಿನಲ್ಲಿ ಇನ್ನೊಂದು ಮೊಟ್ಟೆಯಿಡುವುದೂ, ಹಲವು ತಾಯಂದಿರು ಮರಿಗಳನ್ನು ಒಟ್ಟಾಗಿ ನೀರಿಗೆ ಕರೆದೊಯ್ಯುವುದೂ ಉಂಟು. ಅನಾಥ ಮೊಟ್ಟೆಗಳನ್ನು ನೆರೆಯ ಗೂಡಿಗೆ ಸೇರಿಸಲು ಅದರಿಂದ ಅನುಕೂಲ. ಒಂಟಿ ಮರಿಗಳನ್ನು ಮನೆಗೆ ತಂದು ಸಾಕಿ ಕಡಲಿಗೆ ಬಿಡುವ ರೂಢಿ ಐಸ್‌ಲ್ಯಾಂಡಿನಲ್ಲಿದೆ. ಗಂಡುಮರಿಯಿಂದ ತುಪ್ಪುಳದ ಆಸೆಯಿಲ್ಲ, ಹೆಣ್ಣುಮರಿ ಗೂಡು ಕಟ್ಟಲು ಎರಡು ಮೂರು ವರ್ಷ ಬೇಕು. ಹುಟ್ಟಿದ ತಾವಿಗೇ ಮರಳುವ ಹಕ್ಕಿ, ಆದ್ದರಿಂದ ಇದೂ ಬಂಡವಾಳವೇ ಎನ್ನಬಹುದು. ಇರಲಿ, ಒಪ್ಪೋಣ. ಮೂರು ವರ್ಷದಾಚೆಗೆ ನೋಡುವ ಲಾಭಕ್ಕೂ ಆರೈಕೆಗೂ ನಡುವೆ ಗೆರೆ ಎಳೆಯಲು ನನಗಂತೂ ಬರುವುದಿಲ್ಲ.

ಐಸ್‌ಲ್ಯಾಂಡ್ 19ನೇ ಶತಮಾನದ ನಡುಭಾಗದಲ್ಲಿ ಐಡರ್ ಕೊಲ್ಲುವುದನ್ನು ಪೂರ್ತಿ ನಿಷೇಧಿಸಿತು. ಕಾನೂನೇ ಬಾತನ್ನು ಉಳಿಸಿತು ಎನ್ನಲು ಅಡ್ಡಿಯಿಲ್ಲ, ಆದರೆ ಕಾನೂನಿಗೆ ಕಣ್ಣಾದವರು ದಂಡೆಯ ಒಕ್ಕಲುಗಳು. ಜಗತ್ತಿನ ತುಪ್ಪುಳದ ಬಹುಪಾಲು, ವರ್ಷಕ್ಕೆ ಸುಮಾರು 3,000 ಕಿಲೋ, ಈಗಲೂ ಅಲ್ಲಿಂದಲೇ ಬರುತ್ತದೆ. ಅದೇ ದೇಶ 1931ರಲ್ಲಿ ಚರ್ಮದ ಆಸೆಗೆ ಅಮೆರಿಕದ ಮಿಂಕ್ ಎಂಬ ಪುಟ್ಟ ಬೇಟೆಪ್ರಾಣಿಯನ್ನು ತರಿಸಿತು; ಸಾಕಣೆಯಿಂದ ತಪ್ಪಿಸಿಕೊಂಡ ಮಿಂಕ್ 1937ರಲ್ಲಿ ಬಯಲಿನಲ್ಲಿ ಮರಿಹಾಕಿದ್ದು ಕಂಡುಬಂತು. ಒಂದು ಪ್ರಾಣಿಯ ಮೈಹೊದಿಕೆಯ ವ್ಯಾಪಾರ ಇನ್ನೊಂದರ ಗೂಡಿಗೆ ಕಳ್ಳನನ್ನು ಕರೆತಂದಿತು.

ವೇಗಾದಲ್ಲೂ ಮಿಂಕ್ ಬಂತು. 20ನೇ ಶತಮಾನದ ಉತ್ತರಾರ್ಧದಲ್ಲಿ ಹೊರದ್ವೀಪಗಳ ಜನ ಶಾಲೆ, ಆಸ್ಪತ್ರೆ, ನೌಕರಿ ಹುಡುಕಿ ಒಳನಾಡಿಗೆ ಹೋದರು, ಬಾತುಗಳೂ ಕಡಿಮೆಯಾದವು. ಇದಕ್ಕೆ ಕಾವಲು ತಪ್ಪಿದ್ದೊಂದೇ ಕಾರಣವೆಂದು ಹೇಳಲಾಗದು, ಕಡಲಿನ ಆಹಾರವೂ ಬದಲಾಗಿದೆ. 2004ರಲ್ಲಿ ಯುನೆಸ್ಕೊ ಈ ದ್ವೀಪಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಅದರಲ್ಲೂ ತುಪ್ಪುಳದ ಕಸುಬಿನಲ್ಲಿ ಹೆಂಗಸರ ಪಾಲನ್ನು ಎತ್ತಿ ಹೇಳಿತು. ಈಗ ಆ ಹೊರದ್ವೀಪಗಳಲ್ಲಿ ಚಳಿಗಾಲಕ್ಕೆ ಒಲೆ ಉರಿಯುವುದಿಲ್ಲ. ವಸಂತದಲ್ಲಿ ಕೆಲವು ಕುಟುಂಬಗಳು ದೋಣಿಯಲ್ಲಿ ಮರಳಿ ಬಂದು ಕಡಲಕಳೆ ಒಣಗಿಸುತ್ತವೆ, ಗೂಡುಮನೆಗಳ ಬಾಗಿಲು ಸರಿಮಾಡಿ ಬಾತು ದಡ ಹತ್ತುವುದನ್ನು ಕಾಯುತ್ತವೆ.