ಸೊನ್ನಲಿಗೆಯ ಕೆರೆ ಕಟ್ಟಿದವನು

ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್‌ನ ಕತೆಗಳನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಓದಿದ್ದೇವೆ. ಅವನಿಗೆ ಹಾರಲು ಬಾರದು. ಗುಂಡು ತಾಗಿದರೆ ಸಾಯುವವನೇ. ಆದರೆ ತಂದೆ ಸತ್ತರೆ ಮಗ ಅದೇ ಮುಖವಾಡ ಧರಿಸುವುದರಿಂದ ಕಾಡಿನ ಜನ ಅವನಿಗೆ ಸಾವೇ ಇಲ್ಲವೆಂದು ನಂಬುತ್ತಾರೆ. ಬಲವೆಲ್ಲ ಆ ಉಪಾಯದಲ್ಲಿದೆ. ಇಂಥ ವೀರರು ನಮ್ಮಲ್ಲಿ ಇಲ್ಲವೆಂದು ನನ್ನ ಮಗ ತಿಳಿದಿದ್ದ. ಅವನಿಗೆ ಹೇಳಿದ ಕತೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸೊಲ್ಲಾಪುರದ ಹಳೆಯ ಹೆಸರು ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಮುದ್ದುಗೌಡ, ಸುಗ್ಗವ್ವೆಯರ ಮಗನಾಗಿ ಸಿದ್ಧರಾಮ ಹುಟ್ಟಿದ. ರಾಘವಾಂಕ ಬರೆದ ಅವನ ಚಾರಿತ್ರದಲ್ಲಿ ಪವಾಡಗಳಿಗೇನೂ ಕೊರತೆಯಿಲ್ಲ. ಹೊಲದಲ್ಲಿ ಕಂಡು ಮಾಯವಾದ ಜಂಗಮನನ್ನು ಹುಡುಕುತ್ತ ಹುಡುಗ ಶ್ರೀಶೈಲಕ್ಕೆ ಹೋದ. ಅಲ್ಲಿಯೂ ಕಾಣದೆ ಕಮರಿಗೆ ಹಾರಲು ಹೊರಟಾಗ ಮಲ್ಲಿಕಾರ್ಜುನನೇ ಕೈಹಿಡಿದು ತಡೆದನಂತೆ. ಹೀಗೆ ದೇವರನ್ನೇ ಕಂಡು ಬಂದವನು ಊರಿಗೆ ಮರಳಿ ಮಾಡಿದ್ದೇನು? ಕೆರೆ ತೋಡಿಸಿದ.

ಸೊಲ್ಲಾಪುರ ಬರದ ಸೀಮೆ. ನಮ್ಮ ಕಾಸರಗೋಡಿನಲ್ಲಿ ಬೀಳುವ ಮಳೆಯ ಕಾಲುಭಾಗವೂ ಅಲ್ಲಿ ಬೀಳುವುದಿಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುವ ನಮ್ಮವರಿಗೆ ಆ ಕೆಲಸದ ಬೆಲೆ ಬೇರೆಯಾಗಿ ಹೇಳಬೇಕಿಲ್ಲ. ಓಡುವ ಮಳೆನೀರನ್ನು ಎಲ್ಲಿ ತಡೆದರೆ ನಿಲ್ಲುತ್ತದೆ, ಹೆಚ್ಚಾದುದು ಏರಿಯನ್ನು ಕೊಚ್ಚದಂತೆ ಕೋಡಿ ಎಲ್ಲಿರಬೇಕು, ಇದೆಲ್ಲ ನೆಲವನ್ನು ನೋಡಿ ತಿಳಿಯಬೇಕಾದ ವಿದ್ಯೆ.

ಕುಂಬಾರರ ಕನ್ಯೆಯೊಬ್ಬಳು ಅವನನ್ನೇ ವರಿಸುವೆನೆಂದು ಹಟ ಹಿಡಿದ ಐತಿಹ್ಯವೂ ಇದೆ. ಸಿದ್ಧರಾಮ ಬ್ರಹ್ಮಚಾರಿ. ಅವಳನ್ನು ಶಪಿಸಲಿಲ್ಲ, ಓಡಿಸಲಿಲ್ಲ. ತನ್ನ ಯೋಗದಂಡವನ್ನು ಮದುವೆಯಾಗು ಎಂದ. ಸಂಕ್ರಾಂತಿಯ ಗಡ್ಡ ಜಾತ್ರೆಯಲ್ಲಿ ಏಳು ನಂದಿಧ್ವಜಗಳ ಮೆರವಣಿಗೆಯೊಂದಿಗೆ ಆ ಮದುವೆ ಇಂದಿಗೂ ನಡೆಯುತ್ತದೆ.

ಅಲ್ಲಮಪ್ರಭು ಸೊನ್ನಲಿಗೆಗೆ ಬಂದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಮಣ್ಣು ಅಗೆಸುತ್ತಿದ್ದವನನ್ನು ಅವನು ಒಡ್ಡನೆಂದು ಕರೆದ. ಕೆಲಸಗಾರರು ಸಿಟ್ಟಿಗೆದ್ದು ಕಲ್ಲೆಸೆದರು. ಸಿದ್ಧರಾಮನ ಹಣೆಗಣ್ಣಿನಿಂದ ಬೆಂಕಿ ಹೊರಟಿತು. ಅಲ್ಲಮನಿಗೆ ಏನೂ ಆಗಲಿಲ್ಲ. ಬೆಂಕಿ ಸೋತ ಮೇಲೆ ಮಾತು ಶುರುವಾಯಿತು, ಮಾತಿನ ಕೊನೆಗೆ ಸಿದ್ಧರಾಮ ಅವನೊಂದಿಗೆ ಕಲ್ಯಾಣಕ್ಕೆ ನಡೆದ. ಅಂದು ಹೀಯಾಳಿಕೆಯಾಗಿದ್ದ ಆ ಮಾತೇ ಮುಂದೆ ನಂಟಾಯಿತು: ಕಲ್ಲು ಮಣ್ಣಿನ ಕೆಲಸದ ಭೋವಿ ಸಮುದಾಯ ಇಂದು ಅವನನ್ನು ತನ್ನ ಗುರುವೆಂದು ಪೂಜಿಸುತ್ತದೆ.

ಸೊಲ್ಲಾಪುರದಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದಲ್ಲಿ ಅಕ್ಕಲಕೋಟೆ. 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ಪವಾಡಗಳಿಂದ ಅದು ಪ್ರಸಿದ್ಧ. ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ ಮಾತು ಎಂಬುದು ಅಷ್ಟು ಪ್ರಸಿದ್ಧವಲ್ಲ. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಅಕ್ಕಲಕೋಟೆ ಸೀಮೆಯನ್ನೂ ಆಗಿನ ಮೈಸೂರು ರಾಜ್ಯಕ್ಕೆ ಕೊಡಬೇಕೆಂದಿತು. ಎರಡೂ ಆಗಲಿಲ್ಲ. ವರದಿಯನ್ನು ಕಾಯುತ್ತ ಕುಳಿತವರು ನಾವು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ (1912–1986) ಅದಕ್ಕೆ ಮೊದಲೇ ಕೆಲಸ ಹಿಡಿದಿದ್ದರು. ಮರಾಠಿಯಲ್ಲಿ ಓದಿದ ಆಕೆ ಕನ್ನಡವನ್ನು ತಾವಾಗಿ ಕಲಿತು, ಸಿದ್ಧರಾಮನ ಪುರಾಣವನ್ನು ತ್ರಿಪದಿಯಲ್ಲಿ ಬರೆದರು. 1974ರಲ್ಲಿ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ.

ಕತೆ ಮುಗಿದಾಗ ಮಗ ಹಣೆಗಣ್ಣಿನ ವಿಷಯ ಕೇಳುತ್ತಾನೆಂದುಕೊಂಡಿದ್ದೆ. ಕೇಳಲಿಲ್ಲ. "ಅಷ್ಟು ಮಣ್ಣು ಅಗೆದು ಎಲ್ಲಿ ಹಾಕಿದರು ಅಪ್ಪ?" ಎಂದ.

ಕೆರೆ ತೋಡಿದ ಮಣ್ಣೇ ಕೆರೆಯ ಏರಿಯಾಗುತ್ತದೆ ಎಂದೆ.