ಕ್ರೈಸ್ತ ಸಭೆಯಲ್ಲಿ ಸ್ತ್ರೀಯರ ಸಭಾಪಾಲನೆ

ದೇವರ ವಾಕ್ಯವನ್ನು ಬೋಧಿಸುವುದು, ದೀಕ್ಷಾಸ್ನಾನ ಕೊಡುವುದು, ಪ್ರಭುಭೋಜನ ನಡೆಸುವುದು, ವಿಶ್ವಾಸಿಗಳ ಸುಖದುಃಖ ವಿಚಾರಿಸುತ್ತ ಸಭೆಯನ್ನು ಶಿಸ್ತಿನಲ್ಲಿ ನಡೆಸುವುದು, ಇವೆಲ್ಲ ಸೇರಿದ್ದು ಕ್ರೈಸ್ತ ಸಭಾಪಾಲನೆ. ಇವುಗಳಲ್ಲಿ ಯಾವುದನ್ನು ಹೆಣ್ಣು ಮಾಡಬಹುದು, ಯಾವುದನ್ನು ಮಾಡಬಾರದು ಎಂಬ ಚರ್ಚೆಗೆ ಹೆಚ್ಚುಕಡಿಮೆ ಸಭೆಯಷ್ಟೇ ವಯಸ್ಸಾಗಿದೆ. ಇದನ್ನು ಹಳೆಯ ಸಂಪ್ರದಾಯಕ್ಕೂ ಹೊಸ ಕಾಲಕ್ಕೂ ನಡೆದ ಜಗಳ ಎಂದು ಹೇಳುವುದು ರೂಢಿ. ದಾಖಲೆಗಳು ತೋರಿಸುವುದು ಬೇರೆಯದನ್ನೇ. ಗಂಡಸರು ಹೋಗಲಾರದ ಮನೆ, ಗಂಡಸರು ಸಿಗದ ಊರು, ಗಂಡಸರ ಕೈಮೀರಿದ ಕೆಲಸ ಎದುರಾದಾಗಲೆಲ್ಲ ಸಭೆ ಹೆಣ್ಣನ್ನು ಕರೆದಿದೆ. ಅಗತ್ಯ ತೀರಿದ ಮೇಲೆ ಹಿಂದೆ ಸರಿಸಿದೆ. ಕರೆಯುವಾಗ ಕೊಟ್ಟ ಕಾರಣ ಸಂದರ್ಭದ್ದು. ಹಿಂದೆ ಸರಿಸುವಾಗ ಕೊಟ್ಟದ್ದು ಬಹುಪಾಲು ಸಿದ್ಧಾಂತದ್ದು. ಈ ಇತಿಹಾಸದಲ್ಲಿ ಅರ್ಥಮಾಡಿಕೊಳ್ಳಬೇಕಾದ ಮುಖ್ಯ ಸಂಗತಿ ಇದೇ ಎಂದು ಈ ಲೇಖನ ವಾದಿಸುತ್ತದೆ.

ಮೊದಲ ಶತಮಾನದ ಸಭೆಗಳು ಕೂಡುತ್ತಿದ್ದುದು ಮನೆಗಳಲ್ಲಿ. ಪೌಲನು ರೋಮಾಪುರದವರಿಗೆ ಬರೆದ ಪತ್ರದ 16ನೆಯ ಅಧ್ಯಾಯದಲ್ಲಿ ಕೆಂಕ್ರೆಯ ಸಭೆಯ ಸೇವಕಿ ಫೊಯಿಬೆ, ತನ್ನ ಗಂಡ ಅಕ್ವಿಲನೊಂದಿಗೆ ಮನೆಯಲ್ಲೇ ಸಭೆ ಕೂಡಿಸುತ್ತಿದ್ದ ಪ್ರಿಸ್ಕ, ಅಪೊಸ್ತಲರ ಸಾಲಿನಲ್ಲಿ ಹೆಸರಾದ ಯೂನ್ಯ, ಹೀಗೆ ಹಲವು ಹೆಂಗಸರ ಹೆಸರುಗಳು ಬರುತ್ತವೆ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಭಾಪಿತ ಯೋವಾನ ಕ್ರಿಸೋಸ್ತೋಮನು ಯೂನ್ಯಳನ್ನು ಅಪೊಸ್ತಲೆಯೆಂದೇ ಹೊಗಳಿದ್ದಾನೆ. ಹೊರಗಿನವರ ಸಾಕ್ಷ್ಯವೂ ಉಂಟು: ಸುಮಾರು 112ರಲ್ಲಿ ಬಿಥೂನ್ಯ ಪ್ರಾಂತದ ಅಧಿಕಾರಿ ಪ್ಲಿನಿ, ಕ್ರೈಸ್ತರ ವಿಷಯ ತಿಳಿಯಲು ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದೆನೆಂದೂ ಅವರನ್ನು ಸಭೆಯವರು ಸೇವಕಿಯರೆಂಬ ಪದವಿಯಿಂದ ಕರೆಯುತ್ತಿದ್ದರೆಂದೂ ಚಕ್ರವರ್ತಿ ಟ್ರಾಜನನಿಗೆ ಬರೆದ. ಆ ಕಾಲದ ಸಭೆಯಲ್ಲಿ ಗಂಡು ಹೆಣ್ಣು ಸರಿಸಮಾನವಾಗಿದ್ದರು ಎಂಬ ತೀರ್ಮಾನಕ್ಕೆ ಇಷ್ಟು ಸಾಲದು. ಸಭೆಯ ಕೆಲಸದಲ್ಲಿ ಹೆಂಗಸರು ಹೆಸರು, ಹೊಣೆ, ಮನ್ನಣೆ ಮೂರನ್ನೂ ಪಡೆದಿದ್ದರು ಎನ್ನುವುದಕ್ಕೆ ಧಾರಾಳವಾಗಿ ಸಾಕು.

ಮೂರನೆಯ ಶತಮಾನದಲ್ಲಿ ಸಿರಿಯ ಸೀಮೆಯಲ್ಲಿ ರಚಿತವಾದ 'ದಿದಸ್ಕಾಲಿಯ' ಎಂಬ ಸಭಾನಿಯಮಗಳ ಗ್ರಂಥ ಸಭಾಸೇವಕಿಯ ಪದವಿಗೆ ಕೊಡುವ ಮುಖ್ಯ ಕಾರಣಗಳು ಎರಡು. ದೀಕ್ಷಾಸ್ನಾನಕ್ಕೆ ನೀರಿಗಿಳಿಯುವ ಹೆಣ್ಣಿನ ಮೈಗೆ ತೈಲ ಹಚ್ಚಲು ಗಂಡಸು ತಕ್ಕವನಲ್ಲ. ಅನ್ಯಮತದವರ ಮನೆಯಲ್ಲಿರುವ ವಿಶ್ವಾಸಿ ಹೆಂಗಸರ ಬಳಿಗೆ ಗಂಡಸನ್ನು ಕಳುಹಿಸುವಂತಿಲ್ಲ. ಹೀಗೆ ಮುಖ್ಯವಾಗಿ ಅನುಕೂಲದ ಮೇಲೆ ನಿಂತ ಪದವಿ ಮುಂದಿನ ಮುನ್ನೂರು ವರ್ಷಗಳಲ್ಲಿ ಪೂರ್ವದ ಸಭೆಯಲ್ಲಿ ಗಟ್ಟಿಯಾಗಿ ಬೇರೂರಿತು. 451ರ ಕಲ್ಕೆದೋನ್ ಮಹಾಸಭೆ, ನಲವತ್ತು ವರ್ಷ ತುಂಬದವಳನ್ನು ಸಭಾಸೇವಕಿಯಾಗಿ ನೇಮಿಸಬಾರದೆಂದು ವಿಧಿಸಿತು. 535ರಲ್ಲಿ ಚಕ್ರವರ್ತಿ ಜಸ್ಟೀನಿಯನ್ ಕಾನ್‌ಸ್ಟಾಂಟಿನೋಪಲಿನ ಮಹಾದೇವಾಲಯದ ಸಿಬ್ಬಂದಿಯನ್ನು ನಿಗದಿಪಡಿಸಿದಾಗ 60 ಗುರುಗಳು, 100 ಸಭಾಸೇವಕರ ಜೊತೆಗೆ 40 ಸಭಾಸೇವಕಿಯರನ್ನೂ ಲೆಕ್ಕಕ್ಕೆ ಹಿಡಿದ. ಸಭೆ ಮನೆಯಿಂದ ಅರಮನೆಯ ಆಸರೆಗೆ ಬಂದದ್ದರಿಂದಲೇ ಹೆಂಗಸರು ಹೊರಬಿದ್ದರು ಎಂಬ ಜನಪ್ರಿಯ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ಸಾಮ್ರಾಜ್ಯದ ವೈಭವದ ನಡುವೆಯೂ ಈ ಪದವಿ ಉಳಿದಿತ್ತು. ಅದು ಸೊರಗಿದ್ದು, ಎಲ್ಲರೂ ಎಳೆಗೂಸಾಗಿರುವಾಗಲೇ ದೀಕ್ಷಾಸ್ನಾನ ಪಡೆಯುವ ರೂಢಿ ಬಲಿತು, ವಯಸ್ಸಿಗೆ ಬಂದ ಹೆಣ್ಣಿಗೆ ಸ್ನಾನ ಕೊಡುವ ಪ್ರಸಂಗವೇ ಅಪರೂಪವಾದ ಮೇಲೆ. ಈ ಸೇವಕಿಯರು ಗುರುಗಳಾಗಿರಲಿಲ್ಲ, ಪ್ರಭುಭೋಜನ ನಡೆಸುತ್ತಿರಲಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಬಿಷಪರು ಹಸ್ತಾರ್ಪಣೆ ಮಾಡಿ ಪವಿತ್ರಾತ್ಮನನ್ನು ಕೋರಿ ಅವರನ್ನು ನೇಮಿಸುತ್ತಿದ್ದರು. ಅಷ್ಟು ಗಂಭೀರವಾದ ನೇಮಕ ಕೂಡ ಬಳಕೆ ತಪ್ಪಿದೊಡನೆ ಕರಗಿಹೋಯಿತು ಎಂಬುದು ಗಮನಿಸತಕ್ಕ ಮಾತು. ಪಶ್ಚಿಮದಲ್ಲಿ ವಿರೋಧ ಇನ್ನೂ ನೇರವಾಗಿತ್ತು: ದಕ್ಷಿಣ ಇಟಲಿಯ ಕೆಲವೆಡೆ ಹೆಂಗಸರು ಬಲಿಪೀಠದ ಸೇವೆ ಮಾಡುತ್ತಿದ್ದಾರೆಂದು ಪೋಪ್ ಗೆಲಾಸಿಯುಸ್ 494ರಲ್ಲಿ ಕಟುವಾಗಿ ಆಕ್ಷೇಪಿಸಿದ. ಅಂಥ ಸೇವೆ ನಡೆಯುತ್ತಿತ್ತೆಂಬುದಕ್ಕೆ ಆ ಆಕ್ಷೇಪವೇ ಆಧಾರ.

ಮಧ್ಯಯುಗದಲ್ಲಿ ಹೆಣ್ಣಿನ ನಾಯಕತ್ವ ಮಠಗಳಲ್ಲಿ ಉಳಿಯಿತು. ಏಳನೆಯ ಶತಮಾನದ ಇಂಗ್ಲೆಂಡಿನಲ್ಲಿ ವಿಟ್ಬಿಯ ಹಿಲ್ಡಾ ಗಂಡು ಸಂನ್ಯಾಸಿಗಳಿಗೂ ಹೆಣ್ಣು ಸಂನ್ಯಾಸಿಗಳಿಗೂ ಒಡತಿಯಾಗಿದ್ದಳು. ಹನ್ನೆರಡನೆಯ ಶತಮಾನದ ಜರ್ಮನಿಯಲ್ಲಿ ಬಿಂಗೆನ್‌ನ ಹಿಲ್ಡೆಗಾರ್ಡ್ ಊರೂರು ಸುತ್ತಿ ಗುರುಗಳಿಗೇ ಬುದ್ಧಿ ಹೇಳಿದಳು. ಹದಿನಾರನೆಯ ಶತಮಾನದ ಪ್ರಾಟೆಸ್ಟಂಟ್ ಸುಧಾರಣೆ ತನ್ನ ನಾಡುಗಳಲ್ಲಿ ಆ ಮಠಗಳನ್ನು ಮುಚ್ಚಿ ಸಭಾಪಾಲಕನ ಹೆಂಡತಿಗೆ ಗೌರವದ ಸ್ಥಾನ ಕೊಟ್ಟಿತು, ಸಭಾಪಾಲನೆಯನ್ನು ಕೊಡಲಿಲ್ಲ.

ಮೆಥೊಡಿಸ್ಟರ ಇತಿಹಾಸದಲ್ಲಿ ಈ ವಿನ್ಯಾಸ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಜಾನ್ ವೆಸ್ಲಿಯ ಚಳವಳಿ ಹೊಸದಾಗಿ ಹರಡುತ್ತಿದ್ದ ಹೊತ್ತಿನಲ್ಲಿ ಮೇರಿ ಬೊಸಾಂಕೆ ತನ್ನ ಬೋಧನೆಯನ್ನು ಸಮರ್ಥಿಸಿಕೊಂಡು ಅವನಿಗೆ ಪತ್ರ ಬರೆದಳು. 1771ರ ತನ್ನ ಉತ್ತರದಲ್ಲಿ ವೆಸ್ಲಿ, ಅವಳಿಗಿರುವುದು ದೇವರ ಅಸಾಧಾರಣ ಕರೆ ಎಂದು ಒಪ್ಪಿದ. ವೆಸ್ಲಿ ತೀರಿಕೊಂಡದ್ದು 1791ರಲ್ಲಿ. 1803ರಲ್ಲಿ ಕೂಡಿದ ಮೆಥೊಡಿಸ್ಟ್ ಸಮ್ಮೇಳನ ಹೆಂಗಸರ ಬೋಧನೆಯನ್ನು ಹೆಂಗಸರ ನಡುವಿಗಷ್ಟೇ ಸೀಮಿತಗೊಳಿಸಿ ಎರಡು ಕಾರಣ ಕೊಟ್ಟಿತು: ಜನರಲ್ಲಿ ಬಹುಮಂದಿಗೆ ಅದು ಒಪ್ಪಿಗೆಯಿಲ್ಲ, ಎಲ್ಲ ಸ್ಥಳಗಳಿಗೂ ಸಾಕಾಗುವಷ್ಟು ಬೋಧಕರು ಈಗಿರುವುದರಿಂದ ಅದರ ಅಗತ್ಯವೂ ಇಲ್ಲ. ಇಲ್ಲಿ ಹವ್ವಳ ಪಾಪದ ಪ್ರಸ್ತಾಪವಿಲ್ಲ, ಸೃಷ್ಟಿಯ ಕ್ರಮದ ಮಾತಿಲ್ಲ. ಆಳು ಸಾಕು ಎಂದರು, ಅಷ್ಟೆ.

ಭಾರತದಲ್ಲಿ ದಿದಸ್ಕಾಲಿಯದ ತರ್ಕ ಸಾವಿರದ ಆರುನೂರು ವರ್ಷಗಳ ಬಳಿಕ ಮರುಹುಟ್ಟು ಪಡೆಯಿತು. ಹತ್ತೊಂಬತ್ತನೆಯ ಶತಮಾನದ ಮಿಷನರಿಗಳಿಗೆ ಮೇಲ್ಜಾತಿಯ ಮನೆಗಳ ಒಳಕೋಣೆ ಪ್ರವೇಶವಿಲ್ಲದ ಜಾಗ. ಅಲ್ಲಿಗೆ ಹೋಗಿ ಓದು ಕಲಿಸಿ ಸುವಾರ್ತೆ ಹೇಳಿದವರು ಜನಾನಾ ಮಿಷನ್ನಿನ ಹೆಂಗಸರು ಮತ್ತು 'ಬೈಬಲ್ ವುಮನ್' ಎಂದು ಕರೆಸಿಕೊಂಡ ದೇಶೀಯ ಸ್ತ್ರೀಯರು. ಮನೆಮನೆಗೆ ನಡೆದು ಮಾಡಿದ ಆ ಕೆಲಸ ಸಭಾಪಾಲನೆಯಲ್ಲದೆ ಮತ್ತೇನು? ಪದವಿ ಮಾತ್ರ ಅವರ ಪಾಲಿಗೆ ಬರಲಿಲ್ಲ. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಕಲ್ಕತ್ತೆಯ ವಿದ್ವಾಂಸರಿಂದ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಪಡೆದು, 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದ ರಮಾಬಾಯಿಯವರ ಪ್ರಸಂಗ ಇದರ ಮುಂದಿನ ಮಜಲು. ಅವರು ಚೆಲ್ಟನ್‌ಹ್ಯಾಮಿನಲ್ಲಿ ಗಂಡಸರಿಗೂ ಪಾಠ ಹೇಳುವ ಮಾತು ಬಂದಾಗ ಬೊಂಬಾಯಿ ಮತ್ತು ಲಾಹೋರಿನ ಬಿಷಪರು ಅಡ್ಡಬಂದರು. ಹಾಗೆ ಮಾಡಿದರೆ ಭಾರತದಲ್ಲಿ ರಮಾಬಾಯಿಯವರ ಪ್ರಭಾವ ಕೆಡುತ್ತದೆ ಎಂಬುದು ಬಿಷಪರ ವಾದ. ಭಾರತದಲ್ಲಿ ಗಂಡಸರು ತುಂಬಿದ ಸಭೆಗಳಲ್ಲಿ ನಿಂತು ಸಂಸ್ಕೃತ ಶಾಸ್ತ್ರಗಳನ್ನು ವ್ಯಾಖ್ಯಾನಿಸಿ ಬಂದಿದ್ದ ವಿದುಷಿಗೆ, ಭಾರತದ ಹೆಸರಿನಲ್ಲೇ ಹಾಕಿದ ತಡೆ ಇದು. ಮುಂದೆ ಅವರು ಕೇಡಗಾಂವದಲ್ಲಿ ಮುಕ್ತಿ ಮಿಷನ್ ಕಟ್ಟಿದರು, ಹೀಬ್ರೂ ಮತ್ತು ಗ್ರೀಕ್ ಮೂಲದಿಂದ ಬೈಬಲನ್ನು ಮರಾಠಿಗೆ ತಂದರು. ಅಂಥವರಿಗೆ ಯಾವ ಸಭೆಯೂ ಹಸ್ತಾರ್ಪಣೆ ಮಾಡಲಿಲ್ಲ ಎಂಬುದು ಈ ಇತಿಹಾಸದ ದೊಡ್ಡ ನಷ್ಟಗಳಲ್ಲೊಂದು.

ಆಂಗ್ಲಿಕನ್ ಸಭೆಯ ಮೊದಲ ಮಹಿಳಾ ಗುರುವೂ ಅಗತ್ಯದ ಕೂಸೇ. ಜಪಾನಿನ ಆಕ್ರಮಣದಿಂದಾಗಿ ಮಕಾವಿಗೆ ಗುರುಗಳು ಹೋಗಲಾಗದಿದ್ದಾಗ ಅಲ್ಲಿನ ಸಭೆಯನ್ನು ನಡೆಸುತ್ತಿದ್ದವರು ಫ್ಲಾರೆನ್ಸ್ ಲೀ ಟಿಮ್ ಒಯ್. ಹಾಂಗ್‌ಕಾಂಗಿನ ಬಿಷಪ್ ರೊನಾಲ್ಡ್ ಹಾಲ್ 1944ರ ಜನವರಿ 25ರಂದು ಅವರಿಗೆ ಗುರುದೀಕ್ಷೆ ಕೊಟ್ಟರು. ಯುದ್ಧ ಮುಗಿದು ಪ್ರತಿಭಟನೆ ಎದ್ದಾಗ, 1946ರಲ್ಲಿ, ತಮ್ಮ ಬಿಷಪರು ಸಂಕಟಕ್ಕೆ ಸಿಲುಕಬಾರದೆಂದು ಲೀ ಗುರುಸೇವೆಯ ಪರವಾನಗಿಯನ್ನು ಬಿಟ್ಟುಕೊಟ್ಟರು.

ಈ ಓದಿಗೆ ಬರುವ ಆಕ್ಷೇಪಗಳಲ್ಲಿ ಶಾಸ್ತ್ರದ್ದು ಮೊದಲನೆಯದು. ತಿಮೊಥೆಯನಿಗೆ ಬರೆದ ಮೊದಲ ಪತ್ರದ ಎರಡನೆಯ ಅಧ್ಯಾಯ ಹೆಣ್ಣು ಉಪದೇಶಿಸುವುದನ್ನೂ ಗಂಡಸಿನ ಮೇಲೆ ಅಧಿಕಾರ ನಡೆಸುವುದನ್ನೂ ಒಪ್ಪುವುದಿಲ್ಲ. ಅದಕ್ಕೆ ಆದಾಮ ಹವ್ವರ ಸೃಷ್ಟಿಯನ್ನೇ ಆಧಾರವಾಗಿ ಕೊಡುತ್ತದೆ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆ ಪತ್ರ ಪೌಲನ ನಂತರದ್ದು ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಪೌಲನದೇ ಎಂದು ಹಿಡಿದರೂ, ಕೊರಿಂಥದ ಸಭೆಯಲ್ಲಿ ಹೆಂಗಸರು ಪ್ರಾರ್ಥಿಸುವುದನ್ನೂ ಪ್ರವಾದಿಸುವುದನ್ನೂ ಸಹಜವೆಂದು ಕಂಡು ತಲೆಯ ಮೇಲಿನ ಮುಸುಕಿನ ಬಗ್ಗೆ ನಿಯಮ ಮಾಡಿದ ಪೌಲನ ಜೊತೆಗೇ ಅದನ್ನು ಓದಬೇಕಾಗುತ್ತದೆ. ತಿಮೊಥೆಯನ ಪತ್ರದ ಅದೇ ಅಧ್ಯಾಯ ಜಡೆಯ ಅಲಂಕಾರ, ಚಿನ್ನ, ಮುತ್ತುಗಳನ್ನೂ ಬೇಡವೆನ್ನುತ್ತದೆ. ದಕ್ಷಿಣ ಭಾರತದ ಕೆಲವು ಪೆಂತೆಕೊಸ್ತ ಸಭೆಗಳು ಒಡವೆಯನ್ನೂ ಬಿಟ್ಟು ಈ ವಿಷಯದಲ್ಲಿ ನಿಷ್ಠೆ ತೋರಿವೆ. ಉಳಿದವರು ಒಂದನ್ನು ಕಾಲಕ್ಕೆ ಬಿಟ್ಟು ಇನ್ನೊಂದನ್ನು ಶಾಶ್ವತವೆನ್ನಲು ಕಾರಣ ಹೇಳಬೇಕು.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ಯೇಸು ಹನ್ನೆರಡು ಅಪೊಸ್ತಲರನ್ನಾಗಿ ಗಂಡಸರನ್ನೇ ಆರಿಸಿದ. ಅದನ್ನು ಬದಲಿಸುವ ಅಧಿಕಾರ ಸಭೆಗಿಲ್ಲ ಎಂದು ಪೋಪ್ ಎರಡನೆಯ ಜಾನ್ ಪಾಲ್ 1994ರಲ್ಲಿ ಘೋಷಿಸಿದರು. ಆರ್ಥಡಾಕ್ಸ್ ಸಭೆಗಳಲ್ಲಿಯೂ ಗುರುಪದವಿ ಗಂಡಸರದೇ. ಇದು ಹೆಣ್ಣು ಕೀಳೆಂಬ ವಾದವಲ್ಲ ಎಂಬುದನ್ನು ಒಪ್ಪಬೇಕು. ಆದರೆ ಹದಿಮೂರನೆಯ ಶತಮಾನದಲ್ಲಿ ದೇವಶಾಸ್ತ್ರಜ್ಞ ತೊಮಾಸ್ ಅಕ್ವಿನಾಸ್ ಕೊಟ್ಟ ಕಾರಣ ಅದೇ ಆಗಿತ್ತು: ಹೆಣ್ಣು ಅಧೀನಸ್ಥಿತಿಯಲ್ಲಿರುವುದರಿಂದ ಪದವಿಯ ಉನ್ನತಿಯನ್ನು ಸೂಚಿಸಲಾರಳು. 1976ರ ರೋಮಿನ ಘೋಷಣೆ ಆ ಕಾರಣವನ್ನು ಬಿಟ್ಟು, ಬಲಿಪೀಠದಲ್ಲಿ ಗುರು ಕ್ರಿಸ್ತನನ್ನು ಪ್ರತಿನಿಧಿಸುತ್ತಾನಾದ್ದರಿಂದ ಗಂಡಾಗಿರಬೇಕು ಎಂಬುದರತ್ತ ತಿರುಗಿತು. 1987ರಲ್ಲಿ ಅಮೆರಿಕದ ಇವ್ಯಾಂಜೆಲಿಕಲರು ಡ್ಯಾನ್ವರ್ಸ್ ಹೇಳಿಕೆಯಲ್ಲಿ, ಬೆಲೆ ಸಮ, ಪಾತ್ರ ಬೇರೆ ಎಂದರು. ವಿವರಣೆ ಬದಲಾದ ಮಾತ್ರಕ್ಕೆ ಆಚರಣೆ ತಪ್ಪಾಗುವುದಿಲ್ಲ ಎಂದು ಸಮರ್ಥಕರು ಹೇಳುವುದು ತರ್ಕವಾಗಿ ಸರಿ. ಆದರೂ ಕಾರಣ ಕಳಚಿ ಬಿದ್ದಾಗಲೆಲ್ಲ ಇನ್ನೊಂದು ಬಂದು ಅದೇ ಬಾಗಿಲನ್ನು ಕಾಯುವುದಾದರೆ, ತೀರ್ಮಾನ ಕಾರಣಗಳಿಂದ ಹುಟ್ಟಿದ್ದೇ ಎಂದು ಕೇಳುವ ಹಕ್ಕು ಓದುಗರಿಗಿದೆ.

ಮೂರನೆಯದು, ಇದೆಲ್ಲ ಇತ್ತೀಚಿನ ಪಾಶ್ಚಾತ್ಯ ಸ್ತ್ರೀವಾದ ಸಭೆಯೊಳಗೆ ನುಸುಳಿದ ಫಲ ಎನ್ನುವುದು. ಆದರೆ ಕ್ವೇಕರ್ ಪಂಥದ ಮಾರ್ಗರೆಟ್ ಫೆಲ್ ಹೆಣ್ಣಿನ ಬೋಧನೆಯನ್ನು ಶಾಸ್ತ್ರದಿಂದಲೇ ಸಮರ್ಥಿಸಿ ಪುಸ್ತಕ ಪ್ರಕಟಿಸಿದ್ದು 1666ರಲ್ಲಿ. ಅಮೆರಿಕದ ಕಾಂಗ್ರೆಗೇಷನಲ್ ಸಭೆ ಆಂಟೊನೆಟ್ ಬ್ರೌನ್ ಅವರಿಗೆ ಹಸ್ತಾರ್ಪಣೆ ಮಾಡಿದ್ದು 1853ರಲ್ಲಿ, ಆ ದೇಶದ ಹೆಂಗಸರಿಗೆ ಮತದಾನದ ಹಕ್ಕು ಸಂವಿಧಾನದಲ್ಲಿ ಸೇರುವುದಕ್ಕೆ 67 ವರ್ಷ ಮೊದಲು. ಏಷ್ಯದ ತಾರೀಖುಗಳು ಇನ್ನೂ ಸ್ಪಷ್ಟವಾಗಿವೆ. 1971ರಲ್ಲಿ ಹಾಂಗ್‌ಕಾಂಗ್ ಮತ್ತೆ ಇಬ್ಬರು ಹೆಂಗಸರಿಗೆ ಗುರುದೀಕ್ಷೆ ಕೊಟ್ಟಿತು, ಈ ಸಲ ಯುದ್ಧದ ನೆಪವಿಲ್ಲದೆ. 1947ರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಪರಂಪರೆಗಳು ಕೂಡಿ ಆದ ದಕ್ಷಿಣ ಭಾರತ ಸಭೆಯಲ್ಲಿ ಎಲಿಜಬೆತ್ ಪೌಲ್ 1976ರಲ್ಲಿ ಹಸ್ತಾರ್ಪಣೆ ಪಡೆದರು. ಇಂಗ್ಲೆಂಡಿನ ಸಭೆ ಅಲ್ಲಿಗೆ ಬಂದದ್ದು 1994ರ ಮಾರ್ಚಿನಲ್ಲಿ, ಬ್ರಿಸ್ಟಲಿನ ದೇವಾಲಯದಲ್ಲಿ 32 ಹೆಂಗಸರೊಂದಿಗೆ. 2013ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆಯ ಇ. ಪುಷ್ಪಲಲಿತಾ ಆಂಧ್ರದ ನಂದ್ಯಾಲದ ಬಿಷಪರಾದಾಗ ಇಂಗ್ಲೆಂಡಿನ ಸಭೆಯಲ್ಲಿ ಇನ್ನೂ ಒಬ್ಬ ಮಹಿಳಾ ಬಿಷಪರೂ ಇರಲಿಲ್ಲ. ಲಿಬಿ ಲೇನ್ ಆ ಪದವಿಗೇರಿದ್ದು 2015ರ ಜನವರಿಯಲ್ಲಿ.